ಹೂ ಕಲಿಸಲು ಪಲ್ಪ್ ಪೇಪರಾ, ಕಾಟನ್ ಪೇಪರಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹತ್ತಿಯ ನಾರಿನಿಂದ ಮಾಡಿದ ಕಾಟನ್ ಪೇಪರ್‌ಗೆ. ಜಲವರ್ಣದಲ್ಲಿ ಹೂ ಬಿಡಿಸಲು ಕಲಿಯುತ್ತಿರುವ ಹುಡುಗಿಗೆ ನಾನು ಮೊದಲು ತಂದುಕೊಟ್ಟಿದ್ದು ಪಲ್ಪ್ ಪೇಪರಿನ, ಅಂದರೆ ಮರದ ತಿರುಳಿನಿಂದ ಮಾಡಿದ ಹಾಳೆಯ, ದಪ್ಪ ಪ್ಯಾಡ್. ಕಲಿಯುವವರಿಗೆ ದುಬಾರಿ ಹಾಳೆ ಯಾಕೆ ಅಂತ ಅಂದುಕೊಂಡಿದ್ದೆ. ಒಂದು ತಿಂಗಳು ಅವಳು ತನ್ನ ಕೈಯೇ ಸರಿಯಿಲ್ಲ ಅಂತ ಕೊರಗಿದಳು. ನಾನೂ "ನೀರು ಜಾಸ್ತಿ ಆಯ್ತು, ನಿಧಾನ" ಅಂತ ಅವಳನ್ನೇ ತಿದ್ದುತ್ತಾ ಕೂತೆ. ಅದು ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಎರಡೂ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಗೆ 300 ಗ್ರಾಂ ತೂಕ), ಎರಡೂ ಕೋಲ್ಡ್ ಪ್ರೆಸ್, ಅಂದರೆ ಸ್ವಲ್ಪ ತರಿತರಿ ಮೇಲ್ಮೈಯವು. ಒಣ ಹಾಳೆ ಮುಟ್ಟಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನೀರು ಬಿದ್ದ ಮೇಲೆ ನೋಡಿ.

ಒಂದು ದಾಸವಾಳದ ಎಸಳು ತಗೊಳ್ಳಿ. ಎಸಳಿನಷ್ಟು ಜಾಗಕ್ಕೆ ಮೊದಲು ಬರೀ ನೀರು ಹಚ್ಚಬೇಕು, ಹಾಳೆ ಇನ್ನೂ ಮಿನುಗುತ್ತಿರುವಾಗಲೇ ಬುಡಕ್ಕೆ ಗಾಢ ಕೆಂಪು ಮುಟ್ಟಿಸಬೇಕು, ಆಗ ಬಣ್ಣ ತಾನಾಗೇ ತುದಿಯ ಕಡೆ ಹರಡಿ ತಿಳಿಯಾಗುತ್ತದೆ. ಹೂವಿನ ಮೃದುತನ ಎಲ್ಲ ಇರುವುದು ಇಲ್ಲೇ. ಆದರೆ ಕಲಿಯುವವರ ಕೈ ನಿಧಾನ ಅಲ್ವಾ. ಬ್ರಷ್ ತೊಳೆದು, ಬಣ್ಣ ಕಲಸಿ, ಎಲ್ಲಿ ಇಡಲಿ ಅಂತ ಯೋಚಿಸುವಷ್ಟರಲ್ಲಿ ಪಲ್ಪ್ ಪೇಪರ್ ಅಲ್ಲಲ್ಲಿ ಒಣಗಿರುತ್ತದೆ. ಅದರ ಮೇಲೆ ಒದ್ದೆ ಬ್ರಷ್ ಹೋದರೆ ಹೊಸ ನೀರು ಅರೆ ಒಣಗಿದ ಬಣ್ಣವನ್ನು ತಳ್ಳಿ, ಎಸಳಿನ ನಡುವೆ ಹೂಕೋಸಿನ ಅಂಚಿನಂಥ ಕಲೆ ಬಿಡುತ್ತದೆ. ಅವಳು ಅದನ್ನು ಸರಿಮಾಡಲು ಉಜ್ಜುತ್ತಿದ್ದಳು, ಹಾಳೆಯ ಮೇಲ್ಮೈ ಕಿತ್ತು ಸಣ್ಣ ಉಂಡೆಗಳಾಗಿ ಏಳುತ್ತಿತ್ತು.

ಎರಡನೇ ಪದರದ್ದು ಇನ್ನೂ ದೊಡ್ಡ ತಲೆನೋವು. ಎಸಳು ಪೂರ್ತಿ ಒಣಗಿದ ಮೇಲೆ ನೆರಳು ಹಾಕಲು ಹೋದರೆ ಕೆಳಗಿನ ಬಣ್ಣವೇ ಕರಗಿ ಎದ್ದು ಬರುತ್ತದೆ, ಯಾಕೆಂದರೆ ಪಲ್ಪ್ ಪೇಪರಿನಲ್ಲಿ ಬಣ್ಣ ಹೆಚ್ಚಾಗಿ ಮೇಲ್ಮೈಯಲ್ಲೇ ಕೂತಿರುತ್ತದೆ. ಮೂರು ಸಲ ಬ್ರಷ್ ಎಳೆದರೆ ಕೆಂಪು ಹೋಗಿ ಕೆಸರು.

ಕೊನೆಗೆ ನನ್ನದೇ ಕಾಟನ್ ಹಾಳೆ, 22×30 ಇಂಚಿನದು, ಎಂಟು ತುಂಡು ಮಾಡಿ ಒಂದು ಕೊಟ್ಟೆ. ಅದೇ ಹೂ, ಅದೇ 8ನೇ ನಂಬರಿನ ರೌಂಡ್ ಬ್ರಷ್, ಅದೇ ಬಣ್ಣ. ಹಾಳೆ ನೀರನ್ನು ಒಳಗೆ ಹಿಡಿದುಕೊಂಡಿತ್ತು, ಅವಳಿಗೆ ಯೋಚಿಸಲು ಸಮಯ ಸಿಕ್ಕಿತು. ಕೆಂಪು ಬುಡದಿಂದ ಹೊರಟು ತುದಿಗೆ ಬರುವಾಗ ತೆಳು ಗುಲಾಬಿಯಾಯಿತು. ಅವಳು ಬ್ರಷ್ ಎತ್ತಿ ಹಿಡಿದು ಸುಮ್ನೆ ನೋಡುತ್ತಾ ಕೂತಳು. ಒಣಗಿದ ಮೇಲೆ ಗೆರೆಗಳನ್ನು ಎಳೆದಾಗ ಕೆಳಗಿನ ಬಣ್ಣ ಅಲ್ಲಾಡಲಿಲ್ಲ.

ಪಲ್ಪ್ ಪೇಪರಿಗೂ ಒಂದು ಗುಣ ಇದೆ, ತಪ್ಪಾದ ಬಣ್ಣವನ್ನು ಒದ್ದೆ ಬ್ರಷ್‌ನಿಂದ ಸುಲಭವಾಗಿ ಎತ್ತಬಹುದು. ಕಾಟನ್ ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಸುಕ್ಕಾಗುವುದು ಎರಡೂ ಸುಕ್ಕಾಗುತ್ತವೆ, ಹಲಗೆಗೆ ಟೇಪ್ ಹಾಕಿ.

ಖರ್ಚಿನ ಮಾತು. ನಮ್ಮದು ವಾರಕ್ಕೆ ಎರಡು ಪಾಠ, ಪಾಠಕ್ಕೆ ಒಂದೇ ಹೂ. ಎಂಟನೇ ಒಂದು ತುಂಡು, ಅದರಲ್ಲೂ ಎರಡು ಬದಿ ಬಳಸುತ್ತೇವೆ, ಹಾಗಾಗಿ ಒಂದು ಹಾಳೆ ಎರಡು ತಿಂಗಳು ಬರುತ್ತದೆ. ದಿನಾ ಹತ್ತು ಚಿತ್ರ ಮಾಡುವವರಿಗೆ ಈ ಲೆಕ್ಕ ಸರಿಹೋಗಲಿಕ್ಕಿಲ್ಲ. ಉಳಿದ ಪ್ಯಾಡನ್ನು ಒಂದೇ ಎಳೆತದಲ್ಲಿ ಎಲೆ ಬರೆಯುವ ಅಭ್ಯಾಸಕ್ಕೂ ಬಣ್ಣ ಕಲಸಿ ನೋಡುವುದಕ್ಕೂ ಇಟ್ಟುಕೊಂಡಿದ್ದೇವೆ.

ಕೊಳ್ಳುವಾಗ ಹೊದಿಕೆ ಸರಿಯಾಗಿ ಓದಿ. ಬರೀ ಕಾಟನ್ ಅಂತ ಇದ್ದರೆ ಸಾಲದು, 25% ಕಾಟನ್ ಬೆರೆಸಿದ ಹಾಳೆಗಳೂ ಇವೆ. 100% ಅಂತಲೇ ಇರಬೇಕು.