ಗಾಜಿನ ಹಂದರ ಕಟ್ಟುವ ಸಿರಿಂಜ್ ಪ್ರಿಂಟರ್: ಎಂಟು ತಿಂಗಳು ಬಳಸಿದ ಮೇಲೆ

ಸಿರಿಂಜ್‌ನಿಂದ ಪೇಸ್ಟ್ ಒತ್ತುವ ಈ ತ್ರೀಡಿ ಪ್ರಿಂಟರ್ ನಮ್ಮ ಲ್ಯಾಬ್‌ಗೆ ಬಂದದ್ದು ಕಳೆದ ಆಗಸ್ಟ್‌ನಲ್ಲಿ, ಜಿಎಸ್‌ಟಿ ಸೇರಿ 3.8 ಲಕ್ಷಕ್ಕೆ. ಮೊದಲ ದಿನ ನೋಡಿದ ಅಟೆಂಡರ್ ಅಣ್ಣ, "ಇದು ಸೇಮಿಗೆ ಮಣೆಯೇ ಅಲ್ವಾ ಮೇಡಂ?" ಎಂದರು. ಹೌದು, ಕೆಲಸ ಅದೇ. ಅಕ್ಕಿ ಹಿಟ್ಟಿನ ಜಾಗದಲ್ಲಿ ಗಾಜಿನ ಹಿಟ್ಟು. ಎಲುಬು ಚೂರಾಗಿ ಖಾಲಿಯಾದ ಜಾಗ ತುಂಬಲೆಂದು ಅದರಿಂದ ಜಾಲರಿಯಂಥ ಹಂದರ ಕಟ್ಟುತ್ತೇವೆ.

ಇದು ಬಯೋಆಕ್ಟಿವ್ ಗಾಜು. 1969ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಮೊದಲು ಮಾಡಿದ್ದು. ಮೈಯೊಳಗಿನ ದ್ರವ ತಾಗಿದರೆ ಇದರ ಮೇಲ್ಮೈ ಸ್ವಲ್ಪ ಸ್ವಲ್ಪವೇ ಕರಗಿ, ಎಲುಬಿನ ಖನಿಜದಂಥದೇ ಪದರ ಕಟ್ಟಿಕೊಳ್ಳುತ್ತದೆ. ಎಲುಬು ಅದನ್ನು ಹಿಡಿದು ಬೆಳೆಯುತ್ತದೆ. ನಾವೂ ಹೆಂಚ್ ಅವರ ಆ ಮೊದಲ ಗಾಜು 45ಎಸ್5ನಿಂದಲೇ ಶುರು ಮಾಡಿದೆವು. ಆದರೆ ಕುಲುಮೆಯಲ್ಲಿ ಪುಡಿ ಒಂದಕ್ಕೊಂದು ಬೆಸೆಯುವ ಮೊದಲೇ ಅದು ಹರಳುಗಟ್ಟಿತು, ಬೆರಳಲ್ಲಿ ಒತ್ತಿದರೆ ಉದುರಿತು. ಆಮೇಲೆ 13-93 ಎಂಬ ಗಾಜಿಗೆ ಬಂದೆವು. ಪೊಟ್ಯಾಸಿಯಂ, ಮೆಗ್ನೀಸಿಯಂ ಸೇರಿದ ಈ ಗಾಜು 700 ಡಿಗ್ರಿ ಆಸುಪಾಸಿನಲ್ಲಿ ಹರಳಾಗದೆ ಬೆಸೆಯುತ್ತದೆ.

ಅಪ್ಪನ ಕಾಲಿನ ಎಲುಬು ಸ್ಕೂಟರ್ ಅಪಘಾತದಲ್ಲಿ ಚೂರಾದಾಗ ಅವರ ಸೊಂಟದಿಂದಲೇ ಎಲುಬು ತೆಗೆದು ತುಂಬಿಸಿದ್ದರು. ಕಾಲು ಕೂಡಿಕೊಂಡಿತು. ಸೊಂಟದ ನೋವು ಮಾತ್ರ ಎರಡು ವರ್ಷ ಬಿಡಲಿಲ್ಲ. ಈ ಯಂತ್ರದ ಮುಂದೆ ರಾತ್ರಿ ಒಂಬತ್ತರವರೆಗೆ ಕೂರುವುದು ನನಗೆ ಭಾರ ಅನಿಸದಿರುವುದಕ್ಕೆ ಅದೇ ಕಾರಣ.

ಪೇಸ್ಟ್ ಮಾಡುವುದು ಹೀಗೆ: ಪ್ಲೂರೋನಿಕ್ ಎಫ್-127 ಎಂಬ ಜೆಲ್ ಫ್ರಿಜ್‌ನಲ್ಲಿ ನೀರಾಗಿರುತ್ತದೆ, ಹೊರಗಿಟ್ಟರೆ ಗಟ್ಟಿಯಾಗುತ್ತದೆ. ಬೆಳಗ್ಗೆ ಐಸ್ ಮೇಲಿಟ್ಟು ಅದಕ್ಕೆ ಜರಡಿ ಹಿಡಿದ ಗಾಜಿನ ಪುಡಿ ಕಲಸಿ, ಅವತ್ತೇ ಮುಗಿಸುತ್ತೇವೆ. ಹಳೆಯದಾದರೆ ಗಾಜು ನೀರಿನೊಡನೆ ಕೂಡಿ ಪೇಸ್ಟಿನ ಹದ ಕೆಡುತ್ತದೆ.

ಈ ಯಂತ್ರದ ದೊಡ್ಡ ಗುಣ ಅದರ ಸ್ಕ್ರೂ. ಸಿರಿಂಜ್‌ನ ಹಿಡಿಯನ್ನು ಕೂದಲೆಳೆಯಷ್ಟೇ ಮುಂದೆ ತಳ್ಳುತ್ತದೆ, ಎಲ್ಲೂ ಜರ್ಕ್ ಇಲ್ಲ. 0.41 ಮಿ.ಮೀ. ಸೂಜಿಯಿಂದ ಎಳೆ ಬರುತ್ತದೆ. ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ. ನಡುವಿನ ಖಾಲಿ ಜಾಗದ ಮೇಲೆ ಹಾದಾಗಲೂ ಎಳೆ ಜೋತು ಬೀಳುವುದಿಲ್ಲ. ಆ ಕಿಂಡಿಗಳಿಗಾಗಿಯೇ ಇಷ್ಟೆಲ್ಲ ಪಾಡು, ರಕ್ತನಾಳ ಒಳಗೆ ಇಳಿಯಬೇಕಾದದ್ದು ಅಲ್ಲಿಂದ.

ತೊಂದರೆಗಳೂ ಇವೆ. ಮೋಟಾರ್ ನಿಂತರೂ ಒತ್ತಡ ಇಳಿಯುವುದಿಲ್ಲ, ಮೂಲೆಗಳಲ್ಲಿ ಗಂಟು ಬೀಳುತ್ತದೆ. ಪೇಸ್ಟನ್ನು ಸೂಜಿಯೊಳಕ್ಕೆ ಹಿಂದಕ್ಕೆಳೆಯುವ ಸೆಟ್ಟಿಂಗ್ ಹೆಚ್ಚಿಸಿದರೆ ಮುಂದಿನ ಸಾಲಿನ ಆರಂಭ ಖಾಲಿ. ಸಿರಿಂಜ್ ಸುತ್ತ ತಂಪಿನ ವ್ಯವಸ್ಥೆ ಇಲ್ಲ. ಏಪ್ರಿಲ್ ಸೆಕೆಗೆ ಸೂಜಿಯ ತುದಿಯಲ್ಲೇ ಪೇಸ್ಟ್ ಒಣಗಿ ಕಟ್ಟಿಕೊಂಡಿತು. ಈಗ ತಟ್ಟೆಯಲ್ಲಿ ಪ್ಯಾರಾಫಿನ್ ಎಣ್ಣೆ ಹಾಕಿ ಅದರೊಳಗೇ ಪ್ರಿಂಟ್ ಮಾಡುತ್ತೇವೆ. ಪಿಸ್ಟನ್ನಿನ ರಬ್ಬರ್ ರಿಂಗನ್ನು ಗಾಜಿನ ಪುಡಿ ಮೂರೇ ತಿಂಗಳಲ್ಲಿ ಉಜ್ಜಿ ತಿಂದಿತು. ಬದಲಿ ರಿಂಗ್ ಕಳಿಸಲು ಸಪ್ಲೈಯರ್ ಇಪ್ಪತ್ತೆರಡು ದಿನ ತೆಗೆದುಕೊಂಡರು, ಅಷ್ಟೂ ದಿನ ಕೆಲಸ ನಿಂತಿತು. ಟಚ್ ಸ್ಕ್ರೀನ್ ಚೆನ್ನಾಗಿದೆ, ಅದಕ್ಕೆ ಹಾಕಿದ ದುಡ್ಡನ್ನು ಆ ರಿಂಗಿಗೆ ಹಾಕಬೇಕಿತ್ತು.

ಫಲಿತಾಂಶ ಹೇಳುತ್ತೇನೆ. 12 ಮಿ.ಮೀ. ಘನವನ್ನು ಮೊದಲು ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಿಸಿ ಮಾಡಿ ಜೆಲ್ ಸುಟ್ಟೆವು (ಅವಸರ ಮಾಡಿದ ಎರಡು ಘನಗಳು ಸೀಳಿದವು). ಕುಲುಮೆಯಿಂದ ಹೊರಬರುವಾಗ ಅದು ಕುಗ್ಗಿ 10 ಮಿ.ಮೀ. ಆಗಿತ್ತು, ಉಗುರಿನಿಂದ ತಟ್ಟಿದರೆ ಟಿಣ್ ಎನ್ನುತ್ತಿತ್ತು. ರಕ್ತದ ಲವಣಾಂಶವನ್ನೇ ಹೋಲುವ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಎರಡು ವಾರ ಇಟ್ಟ ಮೇಲೆ ಎಳೆಗಳು ಮಂಕು ಬಿಳಿಯಾದವು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮೈತುಂಬ ಹೂಕೋಸಿನಂಥ ಕಾಳುಗಳು, ಎಲುಬಿನ ಖನಿಜದಂಥ ಆ ಪದರದ ಗುರುತು. ಅವತ್ತು ನಾನು ಊಟಕ್ಕೂ ಹೋಗಲಿಲ್ಲ. ಭಾರ ಹೊರುವ ಎಲುಬಿಗೆ ಈ ಹಂದರ ಇನ್ನೂ ಬಲು ಪೆಡಸು, ಬೇಗ ಮುರಿಯುತ್ತದೆ, ರೋಗಿಯ ತನಕ ದಾರಿ ದೂರವಿದೆ. ಆದರೆ ಈ ಬೆಲೆಗೆ ಇಷ್ಟು ಸಮನಾದ ಎಳೆ ಎಳೆಯುವ ಯಂತ್ರ ಲ್ಯಾಬ್‌ಗೆ ಸಿಗುವುದಾದರೆ ಕೊಳ್ಳಿ ಎಂದೇ ನನ್ನ ಮಾತು.

ಡೆಮೊದಲ್ಲಿ ಮಾರುವವರು ಹ್ಯಾಂಡ್ ಕ್ರೀಮ್ ಒತ್ತಿ ತೋರಿಸುತ್ತಾರೆ, ಅದನ್ನು ನೋಡಿ ಒಪ್ಪಬೇಡಿ. ನಿಮ್ಮದೇ ಪೇಸ್ಟ್ ಡಬ್ಬಿಯಲ್ಲಿ ಒಯ್ದು ಎರಡು ಗಂಟೆ ಬಿಡದೆ ಓಡಿಸಿ ನೋಡಿ, ಸ್ಪೇರ್ ರಿಂಗ್ ಕನಿಷ್ಠ ನಾಲ್ಕಾದರೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ.