ಅಪ್ಪೆಮಿಡಿ ವ್ಯಾಪಾರಕ್ಕೆ ಪಾಲುದಾರಿಕೆಯೋ, ಎಲ್‌ಎಲ್‌ಪಿಯೋ?

ಶಿರಸಿಯಲ್ಲಿ ಇಬ್ಬರು ನೆಂಟರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾರಲು ಹೊರಟಿದ್ದಾರೆ ಎಂದುಕೊಳ್ಳಿ. ಮಿಡಿ, ಭರಣಿ, ಗಿರಾಕಿ ಎಲ್ಲವೂ ಸಿದ್ಧ. ಕಾಗದ ಮಾತ್ರ ಇಲ್ಲ. ಅದಕ್ಕೆ ಇಲ್ಲಿ ನೋಡುವ ದಾರಿ ಎರಡು: ಸಾಮಾನ್ಯ ಪಾಲುದಾರಿಕೆ, ಇಲ್ಲವೇ ಎಲ್‌ಎಲ್‌ಪಿ, ಅಂದರೆ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ.

1932ರ ಕಾಯ್ದೆಯ ಪಾಲುದಾರಿಕೆ ಅಗ್ಗ, ಸರಳ. ನೋಂದಣಿಯೂ ಕಡ್ಡಾಯವಲ್ಲ. ಆದರೆ ನೋಂದಾಯಿಸದ ಸಂಸ್ಥೆ, ಹಣ ಕೊಡದ ಅಂಗಡಿಯವನ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲಾರದು. ಅವನು ಮಾತ್ರ ನಿಮ್ಮ ಮೇಲೆ ಹೂಡಬಹುದು. ಇನ್ನೂ ದೊಡ್ಡ ತೊಡಕು ಸಾಲದ್ದು. ವ್ಯಾಪಾರಕ್ಕಾಗಿ ಒಬ್ಬ ಪಾಲುದಾರ ಮಾಡಿದ ಸಾಲಕ್ಕೆ ಇನ್ನೊಬ್ಬನ ಅಡಿಕೆ ತೋಟವೂ ಹೊಣೆಯಾಗಬಹುದು. ಪಾಲುದಾರಿಕೆ ಪತ್ರದಲ್ಲಿ ಬೇರೆ ಮಾತು ಬರೆಯದಿದ್ದರೆ, ಒಬ್ಬರು ತೀರಿಕೊಂಡ ದಿನವೇ ಸಂಸ್ಥೆಯೂ ವಿಸರ್ಜನೆಯಾಗುತ್ತದೆ. ‘ನಮ್ಮವರೇ ಅಲ್ಲವೇ’ ಎಂದು ಪತ್ರವನ್ನೇ ಬರೆಯದವರನ್ನು ಕಂಡರೆ ನನಗೆ ಭಯ.

2008ರ ಕಾಯ್ದೆಯ ಎಲ್‌ಎಲ್‌ಪಿಯಲ್ಲಿ, ವಂಚನೆ ಅಥವಾ ಸ್ವಂತ ತಪ್ಪು ಇಲ್ಲದಿದ್ದರೆ, ನಷ್ಟ ನೀವು ಹಾಕಿದ ಬಂಡವಾಳಕ್ಕೆ ಸೀಮಿತ. ಬದಲಿಗೆ ಪ್ರತಿವರ್ಷ ವಾರ್ಷಿಕ ವಿವರ, ಲೆಕ್ಕಪತ್ರ ಸಲ್ಲಿಸಬೇಕು. ವ್ಯಾಪಾರ ಶೂನ್ಯವಾದರೂ ಬಿಡುವಂತಿಲ್ಲ. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ರೂಪಾಯಿ ದಾಟಿದರೆ ಲೆಕ್ಕಪರಿಶೋಧನೆಯೂ ಕಡ್ಡಾಯ.

ಆದಾಯ ತೆರಿಗೆ ಎರಡಕ್ಕೂ ಶೇ. 30. ಆಹಾರ ಸುರಕ್ಷತಾ ನೋಂದಣಿ ಅಥವಾ ಪರವಾನಗಿ ಎರಡಕ್ಕೂ ಬೇಕು.

ಸಾಲವಿಲ್ಲದೆ, ಊರಿನಲ್ಲೇ ಒಂದೆರಡು ಹಂಗಾಮು ಮಾರಿ ನೋಡುವವರಿಗೆ ನೋಂದಾಯಿತ ಪಾಲುದಾರಿಕೆ ಸಾಕು. ಬ್ಯಾಂಕ್ ಸಾಲ ಎತ್ತಿ ಘಟ್ಟದಾಚೆಗೂ ಸರಕು ಕಳಿಸುವವರಿಗೆ ನನ್ನ ಮತ ಎಲ್‌ಎಲ್‌ಪಿಗೆ. ಆದರೆ ಬ್ಯಾಂಕು ವೈಯಕ್ತಿಕ ಜಾಮೀನು ಕೇಳಿದರೆ, ಸಹಿ ಹಾಕಿದವನ ತೋಟಕ್ಕೆ ಆ ರಕ್ಷಣೆ ಸಿಗದು.