ಹಳೆಯ ಡಿ90, ಹೊಸ ಮಿರರ್‌ಲೆಸ್, ಜೇಬಿನ ಫೋನ್: ಜೊತೆಗಿಟ್ಟು ನೋಡಿದಾಗ ಕಂಡದ್ದು

ನಾಲ್ಕು ವರ್ಷ ಕಪಾಟಿನ ಚೀಲದಲ್ಲಿ ಮಲಗಿದ್ದ ನಿಕಾನ್ ಡಿ90 ಕ್ಯಾಮೆರಾವನ್ನು ಹೋದ ವರ್ಷ ಹೊರಗೆ ತೆಗೆದೆ. ಬ್ಯಾಟರಿ ಚಾರ್ಜ್ ಮಾಡಿ ಹಾಕಿದ ಕೂಡಲೇ ಮೇಲಿನ ಪುಟ್ಟ ಪರದೆಯಲ್ಲಿ ‘ಕ್ಲಾಕ್’ ಅಂತ ಮಿನುಗತೊಡಗಿತು. ಇಷ್ಟು ದಿನ ಬ್ಯಾಟರಿ ಇಲ್ಲದೆ ಒಳಗಿನ ಗಡಿಯಾರ ನಿಂತಿತ್ತು. ತಾರೀಖು ಸರಿ ಮಾಡಿ, ಕಿಟಕಿ ಪಕ್ಕ ಪೇಪರ್ ಓದುತ್ತಾ ಕೂತಿದ್ದ ಅಮ್ಮನ ಒಂದು ಫೋಟೋ ತೆಗೆದೆ. ಹಿಂದಿನ ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಕನ್ನಡಕದ ಅಂಚು, ಅದರ ಪಕ್ಕ ಒಂದೊಂದೇ ಬಿಳಿ ಕೂದಲು, ಎಲ್ಲ ಇತ್ತು. ಇದನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತ ಬೇಜಾರಾಯಿತು.

ಆದರೆ ಒಂದು ಚೆಂದದ ಫೋಟೋ ನೋಡಿ ತೀರ್ಮಾನಕ್ಕೆ ಬರಬಾರದು, ಅಲ್ವಾ? ಹಾಗಾಗಿ ಮೂರು ತಿಂಗಳು ನಾಲ್ಕು ಕ್ಯಾಮೆರಾ ಜೊತೆಜೊತೆಗೆ ಬಳಸಿದೆ. ಒಂದು ಈ ಡಿ90, 2008ರ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಜಾತಿಯದ್ದು, 50 ಎಂಎಂ ಎಫ್/1.8ಡಿ ಲೆನ್ಸ್ ಜೊತೆ. ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ. ಎರಡನೆಯದು ಅಕ್ಕನ ಹಳೆಯ ಕ್ಯಾನನ್ ಪವರ್‌ಶಾಟ್ ಎಸ್90, 2009ರ ಪುಟ್ಟ ಕಾಂಪ್ಯಾಕ್ಟ್. ಮೂರನೆಯದು ಗೆಳೆಯ ಕೊಟ್ಟ ನಿಕಾನ್ ಝಡ್50, 2019ರ ಮಿರರ್‌ಲೆಸ್ (ಕನ್ನಡಿ ಇಲ್ಲದ್ದು), ಅದರ ಜೊತೆಗೇ ಬರುವ 16-50 ಕಿಟ್ ಲೆನ್ಸ್ ಹಾಕಿ. ನಾಲ್ಕನೆಯದು ದಿನವೂ ಜೇಬಿನಲ್ಲಿರುವ ಫೋನ್. ಒಂದೇ ಜಾಗ, ಒಂದೇ ಬೆಳಕು, ಒಂದೇ ಮುಖ.

ಮೆಗಾಪಿಕ್ಸೆಲ್ ಮಾತು ಮೊದಲು ಮುಗಿಸಿಬಿಡೋಣ. ಹಳೆಯ ಕ್ಯಾಮೆರಾ ಅಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ. ಡಿ90 ಕೊಡುವುದು 12.3 ಮೆಗಾಪಿಕ್ಸೆಲ್, ಅಂದರೆ 4288 × 2848. ಇಂಚಿಗೆ 300 ಚುಕ್ಕಿಯಂತೆ ಪ್ರಿಂಟ್ ಹಾಕಿದರೂ 14 ಇಂಚಿಗಿಂತ ಅಗಲದ ಚಿತ್ರ ಸಿಗುತ್ತದೆ. 4ಕೆ ಟಿವಿ ಪರದೆಯಲ್ಲಿ ಇರುವುದೇ 8.3 ಮೆಗಾಪಿಕ್ಸೆಲ್. ನನ್ನ ಫೋನ್ ಮೇಲೆ 50 ಅಂತ ಬರೆದಿದೆ. ಆದರೆ ಮಾಮೂಲಿ ಫೋಟೋದಲ್ಲಿ ಅದು ನಾಲ್ಕು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಕೊಡುತ್ತದೆ. ಅಮ್ಮನ ಫೋಟೋವನ್ನು ಡಿ90 ಮತ್ತು 20.9 ಮೆಗಾಪಿಕ್ಸೆಲ್‌ನ ಝಡ್50 ಎರಡರಲ್ಲೂ ತೆಗೆದು ಎ3 ಅಳತೆಗೆ ಪ್ರಿಂಟ್ ಹಾಕಿಸಿದೆ. ಗೋಡೆಗೆ ಒರಗಿಸಿಟ್ಟು ಮನೆಯವರನ್ನು ಕೇಳಿದೆ. ಯಾವುದು ಹೊಸದರದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ. ಮುಖವನ್ನು ಒಂದು ಗೇಣು ಹತ್ತಿರ ಇಟ್ಟು ನೋಡಿದಾಗ ಸೀರೆಯ ನೇಯ್ಗೆಯಲ್ಲಿ ಝಡ್50 ಸ್ವಲ್ಪ ಜಾಸ್ತಿ ತೋರಿಸಿತು. ಅಷ್ಟೇ. ಒಂದೇ ಫೋಟೋದ ಸಣ್ಣ ಮೂಲೆಯನ್ನು ಕತ್ತರಿಸಿ ದೊಡ್ಡದು ಮಾಡುವ ಅಭ್ಯಾಸ ಇರುವವರಿಗೆ ಮಾತ್ರ ಈ ವ್ಯತ್ಯಾಸ ಮುಖ್ಯ.

ಫೋನ್‌ಗೂ ಡಿ90ಗೂ ಇರುವ ವ್ಯತ್ಯಾಸ ಬೇರೆ ಥರದ್ದು. ಡಿ90ಯ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರ ಮಾಡುವ ಚಿಪ್, 23.6 × 15.8 ಮಿಲಿಮೀಟರ್. ಫೋನಿನ ಸೆನ್ಸರ್ ಅದರ ಮುಂದೆ ಚಿಕ್ಕ ಚೂರು. ಆ ಕೊರತೆ ತುಂಬಿಕೊಳ್ಳಲು ಫೋನ್ ಒಂದೇ ಸಲಕ್ಕೆ ಹಲವು ಫೋಟೋ ತೆಗೆದು, ಒಳಗೇ ಸೇರಿಸಿ, ನೆರಳನ್ನು ಎತ್ತಿ, ಬಿಳಿಯನ್ನು ತಗ್ಗಿಸಿ ಒಂದು ಚಿತ್ರ ಮಾಡುತ್ತದೆ. ಕಿಟಕಿಗೆ ಬೆನ್ನು ಹಾಕಿ ಕೂತ ಅಮ್ಮನನ್ನು ತೆಗೆದಾಗ ಗೆದ್ದದ್ದು ಫೋನೇ. ಹೊರಗಿನ ಆಕಾಶವೂ ಕಂಡಿತು, ಮುಖವೂ ಕಂಡಿತು. ಡಿ90ಯಲ್ಲಿ ಒಂದೋ ಆಕಾಶ ಬೆಳ್ಳಗೆ ಹೋಯಿತು, ಇಲ್ಲ ಮುಖ ಕಪ್ಪಾಯಿತು. ರಾ ಫೈಲ್ (ಸೆನ್ಸರ್ ಹಿಡಿದದ್ದನ್ನು ತಿದ್ದದೆ ಹಾಗೇ ಇಟ್ಟ ಫೈಲ್) ತೆಗೆದುಕೊಂಡು ಕಂಪ್ಯೂಟರ್‌ನಲ್ಲಿ ನೆರಳು ಎತ್ತಿದೆ. ಮುಖ ಬಂತು, ಜೊತೆಗೆ ನಾಯ್ಸ್, ಅಂದರೆ ಕಾಳುಕಾಳಾದ ಕಲೆ, ಕೂಡ ಬಂತು. ಝಡ್50ಯಲ್ಲಿ ಅದೇ ಕೆಲಸ ಸಲೀಸಾಗಿ ಆಯಿತು.

ಆದರೆ ಅಮ್ಮ ಕಿಟಕಿ ಕಡೆ ಮುಖ ಮಾಡಿ ಕೂತಾಗ ಕತೆ ತಿರುಗಿತು. ಫೋನಿನ ಪೋರ್ಟ್ರೇಟ್ ಮೋಡ್ ಹಿನ್ನೆಲೆಯನ್ನು ಲೆಕ್ಕ ಹಾಕಿ ಮಸುಕು ಮಾಡುತ್ತದೆ. ಮುಡಿಯಿಂದ ಹೊರಗೆ ಹಾರಾಡುವ ಸಣ್ಣ ಕೂದಲನ್ನು ಅದು ಹಿನ್ನೆಲೆ ಅಂದುಕೊಂಡು ಅಳಿಸಿ ಹಾಕಿತ್ತು. ಕನ್ನಡಕದ ಕಡ್ಡಿ ಕಿವಿಯ ಹತ್ತಿರ ಅರ್ಧಕ್ಕೆ ಕರಗಿತ್ತು. ಕೆನ್ನೆಯ ಸುಕ್ಕುಗಳು ನಯವಾಗಿದ್ದವು. ಡಿ90ಯಲ್ಲಿ ಎಫ್/2.8 ಇಟ್ಟು ತೆಗೆದದ್ದರಲ್ಲಿ ಕಣ್ಣು ಚೂಪಾಗಿ, ಕಿವಿ ಮೆತ್ತಗೆ, ಗೋಡೆ ಇನ್ನೂ ಮೆತ್ತಗೆ. ಮಸುಕು ಹಂತಹಂತವಾಗಿ ಇಳಿಯುತ್ತದೆ. ಸುಕ್ಕು ಇದ್ದ ಹಾಗೇ ಇದೆ. ನನಗೆ ನನ್ನ ಅಮ್ಮನ ಮುಖ ಬೇಕಿತ್ತು. ಅದು ಸಿಕ್ಕಿದ್ದು ಹಳೆಯ ಕ್ಯಾಮೆರಾದಲ್ಲಿ.

ಈ ಲೆನ್ಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಎಫ್/1.8ಡಿ ಒಳಗೆ ಫೋಕಸ್ ಮೋಟಾರ್ ಇಲ್ಲ. ಡಿ90ಯ ಬಾಡಿಯಲ್ಲೇ ಮೋಟಾರ್ ಇದೆ. ಲೆನ್ಸ್ ಕೂರುವ ಮೌಂಟ್ ಹತ್ತಿರ ಸ್ಕ್ರೂಡ್ರೈವರ್ ತುದಿಯಂಥ ಒಂದು ಪುಟ್ಟ ಕಡ್ಡಿ ಕಾಣುತ್ತದೆ, ಅದೇ ಲೆನ್ಸನ್ನು ತಿರುಗಿಸುವುದು. ಶಟರ್ ಅರ್ಧ ಒತ್ತಿದರೆ ಕುರ್ರ್ ಅಂತ ಸದ್ದು ಮಾಡಿ ಫೋಕಸ್ ಕೂರುತ್ತದೆ. ಇದೇ ಲೆನ್ಸನ್ನು ಎಫ್‌ಟಿಝಡ್ ಅನ್ನುವ ಜೋಡಣೆಯ ಅಡಾಪ್ಟರ್ ಮೂಲಕ ಝಡ್50ಗೆ ಹಾಕಿದರೆ ಆಟೋಫೋಕಸ್ ಇಲ್ಲ, ಯಾಕೆಂದರೆ ಆ ಅಡಾಪ್ಟರ್ ಒಳಗೂ ಮೋಟಾರ್ ಇಲ್ಲ. ಕೈಯಲ್ಲೇ ತಿರುಗಿಸಬೇಕು. ಹಳೆಯ ಡಿ40, ಡಿ60ಯಂಥ ಚಿಕ್ಕ ಬಾಡಿಗಳಲ್ಲೂ ಇದೇ ಕತೆ. ಹಳೆಯ ಲೆನ್ಸ್‌ಗಳು ಮನೆಯಲ್ಲಿದ್ದರೆ, ಅವುಗಳಿಂದ ಪೂರಾ ಕೆಲಸ ತೆಗೆಯುವುದು ಡಿ90ಯಂಥ, ಮೋಟಾರ್ ಇರುವ ಹಳೆಯ ಬಾಡಿಯೇ. ಇನ್ನೊಂದು ಚಿಕ್ಕ ವಿಷಯ. ಲೆನ್ಸಿನ ಅಪರ್ಚರ್ (ಬೆಳಕು ಬಿಡುವ ಕಿಂಡಿ) ರಿಂಗನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಬೇಕು. ಮರೆತರೆ ಪರದೆಯಲ್ಲಿ ‘ಎಫ್‌ಇಇ’ ಅಂತ ಬಂದು ಶಟರ್ ಒತ್ತಲು ಬಿಡುವುದಿಲ್ಲ. ಕ್ಯಾಮೆರಾ ಕೆಟ್ಟಿತು ಅಂತ ಗಾಬರಿಯಾಗಬೇಡಿ.

ಈಗ ಕತ್ತಲೆ. ಹೊಸ ಕ್ಯಾಮೆರಾ ಇಲ್ಲಿ ಸುಲಭವಾಗಿ ಗೆಲ್ಲುತ್ತದೆ ಅಂದುಕೊಂಡಿದ್ದೆ. ರಾತ್ರಿ ಒಂದೇ ಟೇಬಲ್ ಲ್ಯಾಂಪ್ ಹಚ್ಚಿ ಎರಡನ್ನೂ ಹಿಡಿದೆ. ಬರೀ ಸೆನ್ಸರ್ ನೋಡಿದರೆ ಝಡ್50 ತುಂಬಾ ಮುಂದೆ. ಐಎಸ್‌ಓ ಅಂದರೆ ಕಡಿಮೆ ಬೆಳಕಿಗೂ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಕಾಳು ಜಾಸ್ತಿ. ಡಿ90ಯಲ್ಲಿ ಅದು 1600 ತನಕ ನನಗೆ ಒಪ್ಪಿಗೆ, 3200ರಲ್ಲಿ ನೆರಳುಗಳಲ್ಲಿ ಬಣ್ಣದ ಕಾಳು ಚೆಲ್ಲಿದಂತೆ ಕಾಣುತ್ತದೆ. ಝಡ್50 6400ರಲ್ಲೂ ಹಾಯಾಗಿರುತ್ತದೆ. ಆದರೆ ಲೆನ್ಸ್ ಲೆಕ್ಕ ಸೇರಿಸಿ ನೋಡಿ. 50 ಎಂಎಂಗೆ ಹೋದಾಗ ಆ ಕಿಟ್ ಲೆನ್ಸ್ ತೆರೆಯುವುದು ಎಫ್/6.3 ತನಕ ಮಾತ್ರ. ಎಫ್/1.8ಗೆ ಹೋಲಿಸಿದರೆ ಒಳಗೆ ಬರುವ ಬೆಳಕು ಸುಮಾರು 12 ಪಟ್ಟು ಕಡಿಮೆ. ಅದೇ ಶಟರ್ ವೇಗಕ್ಕೆ ಡಿ90 ಐಎಸ್‌ಓ 800ರಲ್ಲಿ ಇದ್ದರೆ ಝಡ್50 10,000ದ ಹತ್ತಿರ ಹೋಗಬೇಕಾಯಿತು. ಆಗ ಹಳೆಯದರ ಫೋಟೋವೇ ಚೊಕ್ಕವಾಗಿ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಕಿಟ್ ಲೆನ್ಸಿನಲ್ಲಿ ಕೈ ನಡುಕ ತಡೆಯುವ ವಿಆರ್ ಇದೆ. ಮೇಜಿನ ಮೇಲಿನ ಹೂಜಿಯನ್ನು ತೆಗೆಯುವುದಾದರೆ ಶಟರ್ ನಿಧಾನ ಮಾಡಿ ಐಎಸ್‌ಓ ಇಳಿಸಬಹುದು. ಮನುಷ್ಯರು ಅಷ್ಟು ಹೊತ್ತು ಅಲ್ಲಾಡದೆ ಇರುವುದಿಲ್ಲ.

ಹಳೆಯ ರಾ ಫೈಲ್‌ಗಳಿಗೆ ಈಗ ಹೊಸ ಜೀವವೂ ಬಂದಿದೆ. 2023ರಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ ಎಐ ಬಳಸಿ ನಾಯ್ಸ್ ತೆಗೆಯುವ ಡಿನಾಯ್ಸ್ ಬಂತು. ಡಿ90ಯ ಹಳೆಯ ಫೈಲ್ ಒಂದನ್ನು, ಐಎಸ್‌ಓ 3200ರದ್ದು, ಅದಕ್ಕೆ ಕೊಟ್ಟು ನೋಡಿದೆ. ಹಾಳು ಅಂತ ಬಿಟ್ಟಿದ್ದ ಫೋಟೋ ಅದು. ಕಾಳು ಹೋಯಿತು, ರೆಪ್ಪೆ ಉಳಿಯಿತು. ಹಾಗಾಗಿ ಹಳೆಯ ಕ್ಯಾಮೆರಾ ಬಳಸುವವರು ಸುಮ್ನೆ ಜೆಪೆಗ್ ಮಾತ್ರ ಇಟ್ಟುಕೊಳ್ಳಬೇಡಿ, ರಾ ಕೂಡ ಇಟ್ಟುಕೊಳ್ಳಿ.

ಹಳೆಯದು ಸೋತದ್ದು ಓಟದಲ್ಲಿ. ಮಗಳಿಗೆ ಏಳು ವರ್ಷ. ಸಂಜೆ ಹಾಲ್‌ನಲ್ಲಿ ನನ್ನ ಕಡೆಗೇ ಓಡಿ ಬಾ ಅಂದೆ. ಡಿ90ಯಲ್ಲಿ ಇರುವುದು 11 ಫೋಕಸ್ ಬಿಂದು. ಅವೂ ಚೌಕಟ್ಟಿನ ನಡುವೆ ಗುಂಪಾಗಿವೆ, ನಂಬಬಹುದಾದದ್ದು ನಡುವಿನದೊಂದೇ. ಅವಳ ಮುಖದ ಮೇಲೆ ಆ ಬಿಂದುವನ್ನು ಹಿಡಿದುಕೊಂಡೇ ನಾನು ತಿರುಗಬೇಕು. ಸೆಕೆಂಡಿಗೆ ನಾಲ್ಕೂವರೆ ಫೋಟೋ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕಣ್ಣು ಬಿಟ್ಟು ಅಂಗಿಯ ಮೇಲೋ ಹಿಂದಿನ ಬಾಗಿಲ ಮೇಲೋ ಫೋಕಸ್. ಝಡ್50 ಕೈಗೆ ತೆಗೆದುಕೊಂಡೆ. ಅವಳ ಕಣ್ಣಿನ ಮೇಲೆ ಒಂದು ಪುಟ್ಟ ಚೌಕ ಬಂದು ಕೂತಿತು. ಅವಳು ಎಡಕ್ಕೆ ಹೋದರೆ ಅದೂ ಎಡಕ್ಕೆ, ಅವಳು ಹಿಂದೆ ತಿರುಗಿದರೆ ಕಾದು ಕೂತು ಮತ್ತೆ ಹಿಡಿಯಿತು. ನಾನು ಮಾಡಿದ ಕೆಲಸ ಗುಂಡಿ ಒತ್ತಿದ್ದು ಮಾತ್ರ. ಹತ್ತು ವರ್ಷದಲ್ಲಿ ಕ್ಯಾಮೆರಾಗಳು ನಿಜವಾಗಿ ಬೆಳೆದದ್ದು ಇಲ್ಲಿ ಅಂತ ನನಗೆ ಅವತ್ತು ಅನಿಸಿತು. ಆಟ, ನೃತ್ಯ, ಹಾರುವ ಹಕ್ಕಿ, ಚಿಕ್ಕ ಮಕ್ಕಳು, ಇವೇ ನಿಮ್ಮ ಮುಖ್ಯ ವಿಷಯ ಆದರೆ ಹಳೆಯದಕ್ಕೆ ಅಂಟಿಕೊಳ್ಳಬೇಡಿ. ಎಷ್ಟೋ ಒಳ್ಳೆಯ ಗಳಿಗೆ ಕೈ ತಪ್ಪಿ ಹೋಗುತ್ತದೆ, ಮಕ್ಕಳ ವಿಷಯದಲ್ಲಿ ಅದು ತುಂಬಾ ನೋವು.

ವಿಡಿಯೋ ಬಗ್ಗೆ ಎರಡೇ ಮಾತು. ವಿಡಿಯೋ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಅಂತ ಡಿ90ಗೆ ಹೆಸರಿದೆ. ಆದರೆ ಅದು ಕೊಡುವುದು 720ಪಿ, ಒಂದು ಸಲಕ್ಕೆ ಐದು ನಿಮಿಷ, ರೆಕಾರ್ಡ್ ಆಗುವಾಗ ಆಟೋಫೋಕಸ್ ಇಲ್ಲ. ಎಸ್90 ಅಂತೂ 640 × 480. ವಿಡಿಯೋ ಬೇಕಾದರೆ ಫೋನ್ ತೆಗೆಯಿರಿ.

ಅಕ್ಕನ ಎಸ್90 ಇತ್ತೀಚೆಗೆ ಮತ್ತೆ ಎಲ್ಲರೂ ಹುಡುಕುವ ಜಾತಿಯದ್ದು. ಸಿಸಿಡಿ ಅನ್ನುವ ಹಳೆಯ ಬಗೆಯ ಸೆನ್ಸರ್ ಇರುವ ಕಾಂಪ್ಯಾಕ್ಟ್‌ಗಳಲ್ಲಿ ಬಣ್ಣವೇ ಬೇರೆ ಅನ್ನುತ್ತಾರೆ. ಅದನ್ನು ನಂಬಿಯೇ ಶುರು ಮಾಡಿದೆ. ಹಗಲಿನಲ್ಲಿ ಅದರ ಜೆಪೆಗ್ ನಿಜಕ್ಕೂ ಹಿತವಾಗಿದೆ, ಚರ್ಮದ ಬಣ್ಣ ಬೆಚ್ಚಗೆ ಬರುತ್ತದೆ. ಆದರೆ ಎಸ್90 ಮತ್ತು ಡಿ90 ಎರಡರ ರಾ ಫೈಲನ್ನೂ ಒಂದೇ ಸಾಫ್ಟ್‌ವೇರ್‌ನಲ್ಲಿ ತೆರೆದು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹೊಂದಿಕೆ) ಸಮ ಮಾಡಿದಾಗ ಆ ಬೇರೆತನ ಹೆಚ್ಚುಕಮ್ಮಿ ಹೋಯಿತು. ಡಿ90ಯದು ಸಿಎಂಓಎಸ್ ಅನ್ನುವ ಬೇರೆ ಬಗೆಯ ಸೆನ್ಸರ್. ನಾನು ಮೆಚ್ಚಿದ್ದು ಸಿಸಿಡಿಯನ್ನಲ್ಲ, ಆ ಕಾಲದ ಕ್ಯಾಮೆರಾ ಒಳಗೇ ಬಣ್ಣ ಬೇಯಿಸುತ್ತಿದ್ದ ರೀತಿಯನ್ನು. ಜೊತೆಗೆ ಎಸ್90 ಸೆನ್ಸರ್ ಡಿ90ಯದಕ್ಕಿಂತ ಎಂಟೊಂಬತ್ತು ಪಟ್ಟು ಚಿಕ್ಕದು. ಸಂಜೆಯಾದರೆ ಫೋನ್ ಅದನ್ನು ಹಿಂದೆ ಹಾಕುತ್ತದೆ. ಅದರ ಲೆನ್ಸ್ ಸುತ್ತಲಿನ ರಿಂಗ್ ತಿರುಗಿಸಿ ಅಪರ್ಚರ್ ಬದಲಿಸುವುದು ಮಾತ್ರ ನನಗೆ ತುಂಬಾ ಇಷ್ಟವಾಯಿತು. ಮನೆಯಲ್ಲೇ ಬಿದ್ದಿದ್ದರೆ ಖುಷಿಯಿಂದ ಬಳಸಿ. ಹುಡುಕಿಕೊಂಡು ಹೋಗಿ ಕೊಳ್ಳುವುದಾದರೆ ನಾನು ಹಳೆಯ ಡಿಎಸ್‌ಎಲ್‌ಆರ್ ಕಡೆಗೇ ಕೈ ತೋರಿಸುತ್ತೇನೆ.

ಕೊಳ್ಳುವವರಿಗೆ ನನ್ನ ಒಂದು ಅನುಭವ. ಫೋಟೋ ನೋಡಿ ಒಂದು ಸೆಕೆಂಡ್‌ಹ್ಯಾಂಡ್ ಜೂಮ್ ಲೆನ್ಸ್ ತರಿಸಿಕೊಂಡಿದ್ದೆ. ಹೊರಗೆ ಒಂದು ಗೀರೂ ಇಲ್ಲ. ರಾತ್ರಿ ದೀಪ ಆರಿಸಿ, ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡರ ಬಲೆಯಂಥ ಸಣ್ಣ ಎಳೆಗಳು ಹಬ್ಬಿದ್ದವು. ಬೂಷ್ಟು. ತೇವದಲ್ಲಿ, ಕತ್ತಲೆಯಲ್ಲಿ, ಗಾಳಿಯಾಡದ ಚೀಲದಲ್ಲಿ ವರ್ಷಗಟ್ಟಲೆ ಇಟ್ಟ ಲೆನ್ಸ್‌ಗೆ ಹೀಗಾಗುತ್ತದೆ. ಜಾಸ್ತಿಯಾದರೆ ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತದೆ. ಬೆಳಕಿಗೆ ಎದುರಾಗಿ ತೆಗೆದ ಫೋಟೋಗಳು ಹಾಲು ಬೆರೆಸಿದಂತೆ ಮಂಕಾಗಿ ಬಂದವು. ಹಾಗಾಗಿ ಕೈಯಲ್ಲಿ ಟಾರ್ಚ್ ಇಲ್ಲದೆ ಹಳೆಯ ಲೆನ್ಸ್ ಕೊಳ್ಳಬೇಡಿ. ಬಾಡಿಯಾದರೆ ಶಟರ್ ಎಷ್ಟು ಸಲ ಓಡಿದೆ ಅಂತ ಕೇಳಿ. ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಟೋ ಫೈಲ್ ಒಳಗೇ ಆ ಲೆಕ್ಕ ಬರೆದಿರುತ್ತದೆ. ಡಿ90 ಶಟರನ್ನು ತಯಾರಕರು 1 ಲಕ್ಷ ಸಲ ಓಡಿಸಿ ಪರೀಕ್ಷಿಸಿದ್ದಾರೆ. ಆಮೇಲೂ ಓಡಬಹುದು, ಆದರೆ ಅದನ್ನು ನಂಬಿ ಕೂರಬಾರದು.

ಕಾರ್ಡ್ ವಿಷಯದಲ್ಲೂ ಹುಷಾರು. ಡಿ90, ಎಸ್90 ಎರಡೂ ಎಸ್‌ಡಿಎಚ್‌ಸಿ ಕಾಲದವು, ಅಂದರೆ 32 ಜಿಬಿ ತನಕ. ಈಗ ಸುಲಭವಾಗಿ ಸಿಗುವ 64, 128 ಜಿಬಿ ಕಾರ್ಡ್ ಎಸ್‌ಡಿಎಕ್ಸ್‌ಸಿ, ಅವುಗಳನ್ನು ಹಾಕಬೇಡಿ. ಬ್ಯಾಟರಿ ಮಾತ್ರ ಹಳೆಯದರ ದೊಡ್ಡ ಬಲ. ಕಂಪನಿಯ ಲೆಕ್ಕದಲ್ಲಿ ಒಂದು ಚಾರ್ಜ್‌ಗೆ ಡಿ90 ಕೊಡುವುದು ಸುಮಾರು 850 ಫೋಟೋ, ಝಡ್50 ಸುಮಾರು 300. ಡಿ90ಯಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಬರೀ ಗಾಜು ಮತ್ತು ಕನ್ನಡಿ ಆಗಿರುವುದರಿಂದ ನೋಡುತ್ತಾ ನಿಂತರೆ ಕರೆಂಟ್ ಹೆಚ್ಚು ಖರ್ಚಾಗುವುದಿಲ್ಲ. ಎರಡು ದಿನದ ಮದುವೆಗೆ ಒಂದೇ ಬ್ಯಾಟರಿಯಲ್ಲಿ ಹೋಗಿ ಬಂದೆ. ಆದರೆ ಅದರಲ್ಲಿ ವೈಫೈ ಇಲ್ಲ. ಕಾರ್ಡ್ ತೆಗೆದು, ರೀಡರ್‌ಗೆ ಹಾಕಿ, ಆರಿಸಿ ಕಳಿಸಬೇಕು. ಅಲ್ಲೇ ನಿಂತು ಫೋಟೋ ಕಳಿಸು ಅನ್ನುವವರಿಗೆ ನಾನು ಫೋನಿನಲ್ಲೂ ಒಂದು ತೆಗೆದು ಕೊಡುತ್ತೇನೆ.

ತೂಕದ ಮಾತು ಯಾರೂ ಕೇಳಲ್ಲ, ಆದರೆ ಸಂಜೆ ಹೊತ್ತಿಗೆ ಕುತ್ತಿಗೆ ಕೇಳುತ್ತದೆ. ಡಿ90 ಬಾಡಿಯೇ 620 ಗ್ರಾಂ, ಝಡ್50 ಬ್ಯಾಟರಿ ಸೇರಿ 450. ಬೆಟ್ಟ ಹತ್ತುವಾಗ ಹೊಸದೇ ಸೈ.

ಝಡ್50 ವಾಪಸ್ ಕೊಟ್ಟಾಯಿತು. ಸದ್ಯಕ್ಕೆ ಹೊಸದು ಕೊಳ್ಳುತ್ತಿಲ್ಲ. ಮಗಳ ನೃತ್ಯ ಇದ್ದ ದಿನ ಗೆಳೆಯನನ್ನು ಕೇಳಿ ಮತ್ತೆ ತರುತ್ತೇನೆ, ಅವನೂ ಒಪ್ಪಿದ್ದಾನೆ. ಡಿ90 ಮಾತ್ರ ಈಗ ಚೀಲದೊಳಗೆ ಇರುವುದಿಲ್ಲ. 50 ಎಂಎಂ ಹಾಕಿಕೊಂಡೇ ಕಿಟಕಿ ಪಕ್ಕದ ಮೇಜಿನ ಮೇಲೆ ಇರುತ್ತದೆ. ಬೆಳಿಗ್ಗೆ ಎಂಟರ ಹೊತ್ತಿಗೆ ಅಲ್ಲಿ ಬಿಸಿಲು ಬೀಳುತ್ತದೆ, ಅಮ್ಮ ಪೇಪರ್ ಹಿಡಿದು ಬಂದು ಕೂರುತ್ತಾರೆ.